ತಂಗುದಾಣಕ್ಕೆ ದುಡ್ಡಿದೆ, ಮನೆಗೆ ಜಾಗವಿಲ್ಲ

ಒಂದು ಲಕ್ಷ ನಗರವಾಸಿಗಳಿಗೆ ಒಂದು ರಾತ್ರಿ ತಂಗುದಾಣ. ಮನೆಯಿಲ್ಲದವರ ವಿಷಯದಲ್ಲಿ ನಮ್ಮ ದೇಶ ಒಪ್ಪಿಕೊಂಡಿರುವ ಅಳತೆ ಇದು. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿ ಮಹಾನಗರ ಪಾಲಿಕೆ ಪೂಸಾ ರಸ್ತೆಯ ತಾತ್ಕಾಲಿಕ ತಂಗುದಾಣವೊಂದನ್ನು ಕೆಡವಿತು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. 2010ರಲ್ಲಿ ಒಂದರ ಹಿಂದೊಂದು ಬಂದ ಆದೇಶಗಳಿಂದ ಈ ಸೂತ್ರ ಗಟ್ಟಿಯಾಯಿತು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನೇ ಯೋಜನೆಯಾಗಿಸಿತು: ಒಂದೊಂದು ಕಟ್ಟಡದಲ್ಲಿ 50ರಿಂದ 100 ಮಂದಿ, ತಲೆಗೆ 50 ಚದರ ಅಡಿ ಜಾಗ, ಆಗಿನ ನಿಯಮದಂತೆ ಖರ್ಚಿನ ಮುಕ್ಕಾಲು ಪಾಲು ಕೇಂದ್ರದ್ದು.

ಈ ಸೂತ್ರವನ್ನು ಕೊಡಗಿಗೆ ಅನ್ವಯಿಸಿ ನೋಡೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಅದರಲ್ಲಿ ಪಟ್ಟಣವಾಸಿಗಳು ಶೇ 15ಕ್ಕೂ ಕಡಿಮೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಎಲ್ಲವನ್ನೂ ಕೂಡಿಸಿದರೂ ಒಂದು ಲಕ್ಷ ತುಂಬುವುದಿಲ್ಲ. ಜಿಲ್ಲಾ ಕೇಂದ್ರ ಎಂಬ ಮರ್ಯಾದೆಗೆ ಮಡಿಕೇರಿಗೆ ಒಂದು ತಂಗುದಾಣ ಸಿಕ್ಕೀತು. ಚೆಟ್ಟಳ್ಳಿಯಂಥ ಹಳ್ಳಿಗೆ ಈ ಲೆಕ್ಕದಲ್ಲಿ ಬರುವುದು ಸೊನ್ನೆ. ತಂಗುದಾಣಗಳ ಅನುದಾನವನ್ನು ನಾಳೆ ಬೆಳಿಗ್ಗೆ ಹತ್ತು ಪಟ್ಟು ಏರಿಸಿದರೂ ಹತ್ತು ಸಲ ಸೊನ್ನೆಯೇ.

ಹಾಗಾದರೆ ಚೆಟ್ಟಳ್ಳಿಯಲ್ಲಿ ಮನೆಯಿಲ್ಲದವರೇ ಇಲ್ಲವೇ?

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ನಡುವೆ ಸಿಗುವ ಊರು ಇದು. ಇನ್ನೊಂದು ರಸ್ತೆ ಇಲ್ಲಿಂದ ಸುಂಟಿಕೊಪ್ಪದ ಕಡೆಗೆ ಹೊರಳುತ್ತದೆ. ಎತ್ತ ಹೋದರೂ ಇಕ್ಕೆಲದಲ್ಲಿ ಕಾಫಿ, ಕಾಫಿಯ ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಕರಿಮೆಣಸು. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದಲೂ ಇಲ್ಲಿದೆ, ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಬಸ್ ತಂಗುದಾಣದ ಬೆಂಚಿನ ಮೇಲೆ ಚಾದರ ಹೊದ್ದು ಮಲಗಿದವರನ್ನು ಎಣಿಸಲು ಹೊರಟರೆ ಪಟ್ಟಿ ಒಂದು ಸಾಲೂ ದಾಟಲಿಕ್ಕಿಲ್ಲ. ಇಲ್ಲಿ ಮನೆಯಿಲ್ಲದವರು ರಸ್ತೆಯಲ್ಲಿ ಮಲಗುವುದಿಲ್ಲ. ತೋಟದೊಳಗೆ, ಲೈನ್ ಮನೆಗಳಲ್ಲಿ ಮಲಗುತ್ತಾರೆ.

ಲೈನ್ ಮನೆ ಎಂದರೆ ಕೊಡಗಿನವರಿಗೆ ವಿವರಿಸಬೇಕಿಲ್ಲ; ಉಳಿದವರಿಗಾಗಿ ಎರಡು ಮಾತು. ಒಂದೇ ಉದ್ದನೆಯ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು. ಒಂದು ಸಂಸಾರಕ್ಕೆ ಒಂದು ಕೋಣೆ, ಹಿಂದೆ ಹೊಗೆಗಟ್ಟಿದ ಅಡುಗೆ ಜಾಗ, ಮುಂದೆ ಕಿರಿದಾದ ಜಗಲಿ, ಇಡೀ ಸಾಲಿಗೆ ಒಂದೋ ಎರಡೋ ನಲ್ಲಿ. ಯರವರು, ಜೇನು ಕುರುಬರು, ಬೆಟ್ಟ ಕುರುಬರು, ಮಲಯಾಳ ಮತ್ತು ತಮಿಳು ಮಾತಾಡುವ ಹಳೆಯ ಕೆಲಸಗಾರರು, ಈಚೆಗೆ ಅಸ್ಸಾಂ ಕಡೆಯಿಂದ ಬಂದವರು, ಎಲ್ಲರ ಸಂಸಾರವೂ ಇಂಥ ಸಾಲುಗಳಲ್ಲೇ. ಒಳ್ಳೆಯ ಲೈನ್ ಮನೆಗಳೂ ಇವೆ, ಸುಣ್ಣಬಣ್ಣ ಕಂಡು ದಶಕ ಕಳೆದವೂ ಇವೆ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಗೋಡೆಯದ್ದಲ್ಲ. ಆ ಮನೆಯಲ್ಲಿ ಇರುವ ಹಕ್ಕು ಎಲ್ಲಿಂದ ಬಂತು ಎನ್ನುವುದು. ಅದು ಕೆಲಸದಿಂದ ಬಂತು. ಕೆಲಸ ಹೋದ ದಿನ ಹಕ್ಕೂ ಹೋಯಿತು.

ಜನಗಣತಿಗೆ ಇದು ಕಾಣುವುದಿಲ್ಲ. 2011ರ ಫೆಬ್ರುವರಿ 28ರ ರಾತ್ರಿ ದೇಶದಾದ್ಯಂತ ವಸತಿಹೀನರ ಎಣಿಕೆ ನಡೆಯಿತು. ರಸ್ತೆಬದಿ, ಮೇಲ್ಸೇತುವೆಯಡಿ, ದೊಡ್ಡ ಪೈಪುಗಳೊಳಗೆ, ರೈಲು ನಿಲ್ದಾಣ, ಗುಡಿಯ ಮಂಟಪಗಳಲ್ಲಿ ಮಲಗಿದವರನ್ನು ಹುಡುಕಿ ಬರೆದುಕೊಂಡರು. ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರ ಚಿಲ್ಲರೆ ಮಂದಿ ಸಿಕ್ಕರು. ದೇಶದ ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, 8 ಲಕ್ಷಕ್ಕೂ ಮಿಕ್ಕಿ, ಹಳ್ಳಿಗಾಡಿನವರು ಎಂಬುದನ್ನು ಗಮನಿಸಿ. ತಂಗುದಾಣದ ಯೋಜನೆ ಮಾತ್ರ ನಗರಕ್ಕೆ. ಅದೇ ರಾತ್ರಿ ಕೊಡಗಿನ ಲೈನ್ ಮನೆಗಳು ಕೊಯ್ಲಿನ ಜನರಿಂದ ತುಂಬಿದ್ದಿರಬೇಕು, ರೊಬಸ್ಟಾ ಇಳಿಸುವ ಕಾಲ ಅದು. ಅವರ ತಲೆಯ ಮೇಲೆ ಮಾಡು ಇತ್ತು. ಹಾಗಾಗಿ ಅವರು ವಸತಿ ಉಳ್ಳವರು.

ಕಾನೂನು ಈ ಮಾಡನ್ನು ಯೋಚಿಸಿಯೇ ಕಟ್ಟಿಸಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ತೋಟದಲ್ಲೇ ಇರುವ ಕೆಲಸಗಾರ ಮತ್ತು ಅವನ ಕುಟುಂಬಕ್ಕೆ ಮನೆ ಕಟ್ಟಿಕೊಡುವುದು, ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆ. ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಕರಗಿದೆ, ವಸತಿಯ ಹೊಣೆ ಮುಂದುವರಿದಿದೆ. ಎಪ್ಪತ್ತು ವರ್ಷದ ಹಿಂದೆ ಅದು ಪ್ರಗತಿಪರ ಕಾನೂನೇ. ಆದರೆ ಅದು ಮನೆಯನ್ನೂ ಕೂಲಿಯನ್ನೂ ಒಂದೇ ಗಂಟಿಗೆ ಕಟ್ಟಿತು. ಬೆನ್ನು ಬಾಗಿ ಕೆಲಸಕ್ಕೆ ಆಗದಾದ ಅಜ್ಜಿಗೆ ಆ ಸೆಕ್ಷನ್‌ನಲ್ಲಿ ಜಾಗವಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಜಗಳವಾಡಿದವನಿಗೂ ಇಲ್ಲ. ಐದು ಹೆಕ್ಟೇರ್‌ಗಿಂತ ಚಿಕ್ಕ ತೋಟಗಳಿಗೆ ಕಾಯ್ದೆಯೇ ಅನ್ವಯಿಸುತ್ತಿರಲಿಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಹತ್ತು ಹೆಕ್ಟೇರ್‌ಗಿಂತ ಕಡಿಮೆ ಇರುವ ಸಣ್ಣ ಹಿಡುವಳಿದಾರರು. ಅವರ ಕಷ್ಟವೂ ಸುಳ್ಳಲ್ಲ: ಕೆಲಸ ಬಿಟ್ಟವರು ಲೈನ್ ಮನೆಯಲ್ಲೇ ಉಳಿದರೆ, ಹೊಸದಾಗಿ ಬರುವ ಆಳಿಗೆ ಎಲ್ಲಿ ಜಾಗ ಕೊಡುವುದು? ಆಳಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ.

ಲೈನ್ ಮನೆಯ ವಿಳಾಸದಿಂದ ಏನೇನು ಸಿಗುವುದಿಲ್ಲ ಎನ್ನುವುದರ ಪಟ್ಟಿ ದೊಡ್ಡದು. ಕರೆಂಟ್ ಬೇಕಾದರೆ ತೋಟದ ಮಾಲೀಕರ ಒಪ್ಪಿಗೆ ಪತ್ರ ಬೇಕು. ಸರ್ಕಾರದ ಮನೆ ಬೇಕಾದರೆ, ಅದು ಬಸವ ವಸತಿಯಾಗಲಿ, ಅಂಬೇಡ್ಕರ್ ನಿವಾಸವಾಗಲಿ, ಪ್ರಧಾನಮಂತ್ರಿ ಆವಾಸ್ ಆಗಲಿ, ಮೊದಲು ಸ್ವಂತ ನಿವೇಶನ ಇರಬೇಕು ಅಥವಾ ಹಕ್ಕುಪತ್ರ ಕೈಯಲ್ಲಿರಬೇಕು. ಮನೆ ಕಟ್ಟಲು ಸರ್ಕಾರ ಲಕ್ಷಗಟ್ಟಲೆ ಸಹಾಯಧನ ಕೊಡಲು ಸಿದ್ಧವಿದೆ. ಅದನ್ನು ಕಟ್ಟುವ ಮೂವತ್ತು ನಲವತ್ತರ ನೆಲವಿಲ್ಲ. ಬಡವರ ವಸತಿಯ ಚರ್ಚೆ ನಡೆದಾಗಲೆಲ್ಲ ನಾವು ಹಣದ ಕೊರತೆಯ ಬಗ್ಗೆ ಮಾತಾಡುತ್ತೇವೆ; ಕೊಡಗಿನಲ್ಲಿ ಕೊರತೆ ಇರುವುದು ಸೆಂಟ್‌ಗಳಲ್ಲಿ ಅಳೆಯುವ ಆ ನೆಲದ್ದು.

ಇದು ಬಯಲಿಗೆ ಬಂದದ್ದು ದಿಡ್ಡಳ್ಳಿಯಲ್ಲಿ. ಸಿದ್ದಾಪುರದಿಂದ ಮುಂದೆ, ಮಾಲ್ದಾರೆ ಭಾಗದ ಕಾಡಂಚಿನಲ್ಲಿ, 2016ರಲ್ಲಿ ನೂರಾರು ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಸುತ್ತಲಿನ ತೋಟಗಳ ಲೈನ್ ಮನೆಗಳನ್ನು ಬಿಟ್ಟು ಬಂದವರು ಅವರಲ್ಲಿ ಬಹಳ. ಮರದ ಕವೆ, ಬಿದಿರು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಲೈನ್ ಮನೆಯ ಗೋಡೆಗಿಂತ ದುರ್ಬಲ ಗೋಡೆ. ಆದರೂ ಬಂದರು. ಯಾರ ಕೆಲಸಕ್ಕೂ ಕಟ್ಟಿಹಾಕದ ಮನೆ ಎಂಬ ಕಾರಣಕ್ಕೇ ಬಂದರು ಎಂಬುದು ನನ್ನ ಗ್ರಹಿಕೆ. ಆ ವರ್ಷದ ಡಿಸೆಂಬರ್ 7ರಂದು ಅರಣ್ಯ ಇಲಾಖೆ ಗುಡಿಸಲುಗಳನ್ನು ನೆಲಸಮ ಮಾಡಿತು. 577 ಕುಟುಂಬಗಳು ಬಯಲಿಗೆ ಬಿದ್ದವು. ಇದು ಮೀಸಲು ಅರಣ್ಯ, ಈಚೆಗೆ ಬಂದವರ ಒತ್ತುವರಿ ಎಂದು ಇಲಾಖೆ; ನಮ್ಮ ಹಿರಿಯರು ಇಲ್ಲೇ ಬದುಕಿದ್ದವರು, 2006ರ ಅರಣ್ಯ ಹಕ್ಕು ಕಾಯ್ದೆ ನಮ್ಮ ಪರ ಇದೆ ಎಂದು ಜನ. ಚಳಿಗಾಲವಿಡೀ ಅಲ್ಲೇ ಮರದಡಿ ಕೂತು ಪ್ರತಿಭಟಿಸಿದರು. ರಾಜ್ಯದ ಎಲ್ಲೆಡೆಯಿಂದ ಚಳವಳಿಗಾರರು ಬಂದರು, ಮಂತ್ರಿಗಳೂ ಬಂದರು.

ಕೊನೆಗೆ ಸರ್ಕಾರ ಮಾಡಿದ್ದೇನು? ಅವರಿಗೆ ತಂಗುದಾಣ ಕೊಡಲಿಲ್ಲ. ಕುಶಾಲನಗರ ಬಳಿಯ ಬಸವನಹಳ್ಳಿಯಲ್ಲೂ ಬ್ಯಾಡಗೊಟ್ಟದಲ್ಲೂ ನಿವೇಶನ ಗುರುತಿಸಿ, ಐನೂರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ ಕಟ್ಟಿಸಿಕೊಟ್ಟಿತು. ಕೊಡಗಿನಲ್ಲಿ ವಸತಿಹೀನತೆ ಒಂದೇ ಏಟಿಗೆ ಇಷ್ಟು ಕಡಿಮೆಯಾದ ಇನ್ನೊಂದು ಸಂದರ್ಭ ಹುಡುಕುವುದು ಕಷ್ಟ. ಆದರೆ ಅದಕ್ಕೂ ಒಂದು ಬೆಲೆ ಇತ್ತು. ಮನೆ ಬಂದ ಜಾಗದಲ್ಲಿ ಅವರಿಗೆ ಗೊತ್ತಿದ್ದ ತೋಟಗಳಿರಲಿಲ್ಲ. ಬೆಳಿಗ್ಗೆ ಕೆಲಸದ ಜೀಪು ಹಿಡಿಯಬೇಕು, ಇಲ್ಲವೇ ಹೊಸ ಕೂಲಿ ಹುಡುಕಬೇಕು. ಆನೆ ಓಡಾಡುವ ನಾಡಿನಲ್ಲಿ ನಸುಕಿಗೇ ಎದ್ದು ದೂರ ನಡೆಯುವುದೆಂದರೆ ಏನೆಂದು ಚೆಟ್ಟಳ್ಳಿ, ಸಿದ್ದಾಪುರದ ಕಡೆಯವರನ್ನು ಕೇಳಬೇಕು. ಮನೆ ಎಲ್ಲಿ ಎಂಬ ಪ್ರಶ್ನೆಗೆ ಮನೆಯಷ್ಟೇ ತೂಕವಿದೆ.

ಇದರ ಮರುವರ್ಷಗಳಲ್ಲಿ ಪ್ರಕೃತಿಯೇ ಕೊಡಗಿನ ಮೇಲೆ ಒಂದು ಕ್ರೂರ ಪ್ರಯೋಗ ಮಾಡಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟಗಳು ಜಾರಿದವು. ಸಾವಿರಾರು ಜನ ಶಾಲೆ, ಸಮುದಾಯ ಭವನಗಳ ಪರಿಹಾರ ಕೇಂದ್ರಗಳಲ್ಲಿ ತಂಗಿದರು. ಆ ಕೇಂದ್ರಗಳು ಜೀವ ಉಳಿಸಿದವು, ಅದರಲ್ಲಿ ಎರಡು ಮಾತಿಲ್ಲ. ಮನೆ ಸಿಗುವ ತನಕ ಸಂತ್ರಸ್ತರಿಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಹಣ ಬಂತು. ಸರ್ಕಾರಿ ಜಾಗ ಬೇಗ ಗುರುತಾಯಿತು. ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಬಡಾವಣೆಗಳು ಎದ್ದವು. 2020ರ ಜೂನ್ ಹೊತ್ತಿಗೆ ನೂರಾರು ಕುಟುಂಬಗಳು ಕೀಲಿಕೈ ಪಡೆದಿದ್ದವು. ಎರಡು ವರ್ಷ ತುಂಬುವುದರೊಳಗೆ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿತು. ಈ ಸಲ ಚೆಟ್ಟಳ್ಳಿಗೆ ಹತ್ತಿರದ ನೆಲ್ಯಹುದಿಕೇರಿ, ಕರಡಿಗೋಡು, ಗುಹ್ಯ ಭಾಗದ ನದಿದಂಡೆಯ ಮನೆಗಳು ಹೋದವು. ಅಲ್ಲಿದ್ದವರು ಬಹುತೇಕ ಕೂಲಿಯವರು. ಬೇರೆಲ್ಲೂ ಜಾಗ ಸಿಗದೆ ಹೊಳೆಯಂಚಿಗೆ ಬಂದವರು. ಮತ್ತೆ ಪರಿಹಾರ ಕೇಂದ್ರ, ಮತ್ತೆ ಅನ್ನ ಸಾಂಬಾರು, ಕಂಬಳಿ. ಮನೆಗೆ ಜಾಗ ಎಲ್ಲಿ? ಅಭ್ಯತ್‌ಮಂಗಲದಲ್ಲಿ ಒತ್ತುವರಿಯಾಗಿದ್ದ ಸರ್ಕಾರಿ ಭೂಮಿಯನ್ನು ಗುರುತಿಸಿದರು. ಆ ಮಾತು ವರ್ಷಗಟ್ಟಲೆ ಎಳೆಯಿತು. ಈ ನಡುವೆ ಪ್ರತಿ ಜೂನ್‌ನಲ್ಲಿ ದಂಡೆಯ ಮನೆಗಳಿಗೆ ನೋಟಿಸ್ ಬರುವುದು, ಪ್ರತಿ ಜುಲೈನಲ್ಲಿ ಕಾಳಜಿ ಕೇಂದ್ರ ತೆರೆಯುವುದು, ಮಳೆ ಇಳಿದ ಮೇಲೆ ಜನ ಅದೇ ದಂಡೆಗೆ ಮರಳುವುದು ವಾರ್ಷಿಕ ಕಾರ್ಯಕ್ರಮದಂತೆ ನಡೆಯಿತು.

ಒಂದೇ ಜಿಲ್ಲೆ, ಒಂದೇ ಆಡಳಿತ, ಹನ್ನೆರಡು ತಿಂಗಳ ಅಂತರ. ಎರಡೂ ಸಲ ತಂಗುವ ವ್ಯವಸ್ಥೆ ಆಯಿತು, ಅದಕ್ಕೆ ಹಣವೂ ಬಂತು. ವ್ಯತ್ಯಾಸ ಮಾಡಿದ್ದು ಜಾಗ ಕೈಗೆ ಸಿಕ್ಕಿದ ವೇಗ. ತಂಗುದಾಣಕ್ಕೆ ಹೆಚ್ಚು ಅನುದಾನ ಕೊಟ್ಟರೆ ವಸತಿಹೀನತೆ ಇಳಿಯುತ್ತದೆಯೇ ಎಂದು ಕೇಳುವವರಿಗೆ ನಾನು ದೆಹಲಿಯ ಉದಾಹರಣೆಗಿಂತ ಮೊದಲು ಕರಡಿಗೋಡನ್ನು ತೋರಿಸುತ್ತೇನೆ.

ಹಣ ಇದ್ದೂ ಕೆಟ್ಟ ಕಥೆ ಬೇಕಿದ್ದರೆ ಬೆಂಗಳೂರಿನಲ್ಲಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಜೊತೆಗೇ ಶೇ 3ರಷ್ಟು ಉಪಕರ ವಸೂಲಾಗುತ್ತದೆ. ಕಂದಾಯ ಕಟ್ಟಿದ ರಸೀದಿಯನ್ನು ಒಮ್ಮೆ ತಿರುವಿ ನೋಡಿ, ಅಲ್ಲಿರುತ್ತದೆ. ಆ ಹಣದಲ್ಲಿ ನಡೆಯುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಾಯಂ ಆದಾಯ ಮೂಲವಿದ್ದ, ಕಾನೂನಿನ ಬಲವಿದ್ದ, ನಗರದೊಳಗೇ ನೂರಾರು ಎಕರೆ ಜಾಗವಿದ್ದ ಸಂಸ್ಥೆಯ ಕಥೆ ಇದು. ಪೊಲೀಸರು ಹಿಡಿದು ತಂದು ಕೂಡಿಹಾಕಿದ ಜನರಿಗೆ ಅಲ್ಲಿಂದ ಮುಂದೆ ಹೋಗಲು ದಾರಿ ಇರಲಿಲ್ಲ. ಇನ್ನು ದೇಶದ ಮಟ್ಟದಲ್ಲಿ, ತಂಗುದಾಣಗಳಿಗೆಂದು ರಾಜ್ಯಗಳಿಗೆ ಬಿಡುಗಡೆಯಾದ ಹಣ ಖರ್ಚಾಗದೆ ಕೂತದ್ದನ್ನು ಕಂಡೇ ಸುಪ್ರೀಂ ಕೋರ್ಟ್ 2016ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ನೇಮಿಸಬೇಕಾಯಿತು.

ಹೊರದೇಶಗಳ ಅನುಭವವೂ ಇದಕ್ಕೆ ದೂರವಿಲ್ಲ. ನ್ಯೂಯಾರ್ಕ್ ನಗರದಲ್ಲಿ 1981ರಿಂದ ತಂಗುದಾಣ ಕೇಳಿದವರಿಗೆ ಹಾಸಿಗೆ ಕೊಡಲೇಬೇಕೆಂಬ ಒಪ್ಪಂದ ನ್ಯಾಯಾಲಯದ ಮೂಲಕ ಜಾರಿಯಲ್ಲಿದೆ. ಅದರಿಂದ ಅಲ್ಲಿ ಬೀದಿಯಲ್ಲಿ ಮಲಗುವವರು ಕೆಲವೇ ಸಾವಿರ. ಆದರೆ 2023ರಲ್ಲಿ ತಂಗುದಾಣದಲ್ಲಿದ್ದವರು ಲಕ್ಷ ದಾಟಿದ್ದರು. ಹೊರದೇಶದಿಂದ ಬಂದ ವಲಸಿಗರೂ ಆ ಸಂಖ್ಯೆಯಲ್ಲಿದ್ದರು, ನಿಜ. ಫಿನ್ಲೆಂಡ್ ಬೇರೆ ದಾರಿ ಹಿಡಿಯಿತು. 2008ರಿಂದ ಅಲ್ಲಿ ತಂಗುದಾಣಗಳನ್ನೇ ಬಾಡಿಗೆ ಮನೆಗಳಾಗಿ ಬದಲಿಸಲು ತೊಡಗಿದರು. ಕುಡಿತ ಬಿಟ್ಟು ಬಾ, ಕೆಲಸ ಹುಡುಕಿ ಬಾ, ಆಮೇಲೆ ಮನೆ ಎನ್ನುವ ಕ್ರಮವನ್ನು ತಿರುಗಿಸಿ ಮೊದಲು ಮನೆ ಕೊಟ್ಟರು, ಉಳಿದ ಸಹಾಯ ಆಮೇಲೆ. ಸುಮಾರು 8 ಸಾವಿರ ಇದ್ದ ವಸತಿಹೀನರು 2022ರ ಹೊತ್ತಿಗೆ 4 ಸಾವಿರಕ್ಕಿಂತ ಕೆಳಗಿಳಿದರು. ಸಾಮಾಜಿಕ ಭತ್ಯೆಗಳ ಕಡಿತದ ಬೆನ್ನಲ್ಲೇ 2024ರಲ್ಲಿ ಆ ಸಂಖ್ಯೆ ಮತ್ತೆ ಸ್ವಲ್ಪ ಏರಿತು ಎಂಬುದನ್ನೂ ಹೇಳಬೇಕು. ಐವತ್ತಾರು ಲಕ್ಷ ಜನರ ಶ್ರೀಮಂತ ದೇಶವನ್ನು ಕೊಡಗಿನ ಪಕ್ಕ ಇಟ್ಟು ಅಳೆಯಲು ನನಗೂ ಮನಸ್ಸಿಲ್ಲ. ಅಲ್ಲಿಂದ ಕಲಿಯಬಹುದಾದ್ದು ಕ್ರಮ ಒಂದನ್ನೇ.

ಹಾಗೆಂದು ತಂಗುದಾಣ ಬೇಡ ಎನ್ನುವ ವಾದ ನನ್ನದಲ್ಲ. ಮಡಿಕೇರಿಯ ಆಸ್ಪತ್ರೆಗೆ ಹಳ್ಳಿಯಿಂದ ರೋಗಿಯ ಜೊತೆ ಬಂದವರು ಜುಲೈ ರಾತ್ರಿ ಎಲ್ಲಿ ಮಲಗಬೇಕು? ಗಂಡನ ಹೊಡೆತಕ್ಕೆ ಮಗುವನ್ನೆತ್ತಿಕೊಂಡು ಲೈನ್ ಮನೆಯಿಂದ ಓಡಿಬಂದ ಹೆಂಗಸು, ತಲೆ ಕೆಟ್ಟು ಬಸ್ ನಿಲ್ದಾಣಗಳಲ್ಲಿ ಅಲೆಯುವವರು, ಮಕ್ಕಳಿಲ್ಲದ ಮುದುಕರು, ಕೊಯ್ಲಿನ ಹೊತ್ತಿಗೆ ಸಾವಿರಾರು ಮೈಲಿ ದಾಟಿ ಬಂದು ಮೇಸ್ತ್ರಿ ಹೇಳಿದ ತೋಟ ಇನ್ನೂ ಸಿಗದ ಹುಡುಗರು, ಇವರಿಗೆಲ್ಲ ಹಕ್ಕುಪತ್ರದ ಮಾತು ಈ ರಾತ್ರಿಗೆ ಉಪಯೋಗವಿಲ್ಲ. ಹಳ್ಳಿಗಾಡಿಗೂ, ವಿಶೇಷವಾಗಿ ತೋಟಗಳ ನಾಡಿಗೆ, ತಂಗುದಾಣದ ಅನುದಾನ ಬರಲಿ; ಲಕ್ಷಕ್ಕೊಂದು ಎಂಬ ನಗರದ ಅಳತೆ ಇಲ್ಲಿಗೆ ಹೊಂದುವುದಿಲ್ಲ. ಆದರೆ ಅಂಥ ಕೇಂದ್ರದ ವಾರ್ಷಿಕ ವರದಿಯಲ್ಲಿ ಎಷ್ಟು ಮಂದಿ ಮಲಗಿದರು ಎಂಬ ಕಾಲಮಿನ ಪಕ್ಕದಲ್ಲೇ, ಅವರಲ್ಲಿ ಎಷ್ಟು ಮಂದಿ ಸ್ವಂತ ಅಥವಾ ಬಾಡಿಗೆ ಮನೆಗೆ ಹೋದರು ಎಂಬ ಕಾಲಮೂ ಇರಬೇಕು. ಮೊದಲನೆಯದು ವರ್ಷವರ್ಷ ಏರಿ ಎರಡನೆಯದು ಖಾಲಿ ಉಳಿದರೆ, ಯೋಜನೆ ಯಶಸ್ವಿ ಎಂದು ಯಾರೂ ಬೆನ್ನು ತಟ್ಟಿಕೊಳ್ಳುವಂತಿಲ್ಲ.

ನೆಲ ಎಲ್ಲಿಂದ ತರುವುದು ಎಂಬುದಕ್ಕೆ ಗಡಿಯಾಚೆ ವಯನಾಡಿನಲ್ಲಿ ಒಂದು ಉತ್ತರವಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲ ಮಣ್ಣಿನಡಿ ಹೋದಾಗ ತೋಟದ ಪಾಡಿಗಳಲ್ಲಿ, ಅಂದರೆ ಅಲ್ಲಿನ ಲೈನ್ ಮನೆಗಳಲ್ಲಿ, ಇದ್ದವರೂ ಮನೆ ಕಳೆದುಕೊಂಡರು. ಕೇರಳ ಸರ್ಕಾರ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನ ಜಾಗವನ್ನೇ ವಶಕ್ಕೆ ಪಡೆಯಿತು. ಕಂಪನಿ ಕೋರ್ಟಿಗೆ ಹೋಯಿತು, ಸರ್ಕಾರ ಪರಿಹಾರದ ಹಣ ಠೇವಣಿ ಇಟ್ಟಿತು. 2025ರ ಮಾರ್ಚ್ 27ರಂದು ಅಲ್ಲಿ ಹೊಸ ಬಡಾವಣೆಗೆ ಶಂಕುಸ್ಥಾಪನೆ ಆಯಿತು; ಮನೆಯೊಂದಕ್ಕೆ 7 ಸೆಂಟ್ ಜಾಗ. ಅಷ್ಟು ದೊಡ್ಡ ಸಾವಿನ ನಂತರ ಮಾತ್ರ ತೋಟದ ಭೂಮಿ ಮನೆಗೆ ಸಿಗಬೇಕೇ ಎಂದು ಕೇಳಬಹುದು. ಕೇಳಬೇಕು ಕೂಡ.

ಕರ್ನಾಟಕದಲ್ಲಿ ಕಾನೂನಿನ ದಾರಿ ಇಲ್ಲದೆ ಇಲ್ಲ. ಭೂಕಂದಾಯ ಕಾಯ್ದೆಯ 94ಸಿ ಸೆಕ್ಷನ್ ಗ್ರಾಮೀಣ ಪ್ರದೇಶದ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಅದನ್ನು ಸಕ್ರಮ ಮಾಡಿಕೊಡುತ್ತದೆ. ಆದರೆ ಅದಕ್ಕೆ ಮೊದಲು ಮನೆ ಕಟ್ಟಿಕೊಂಡಿರಬೇಕು. ತೋಟದ ಲೈನಿನಲ್ಲಿರುವವನು ಪೈಸಾರಿ, ಅಂದರೆ ಸರ್ಕಾರಿ, ಜಾಗಕ್ಕೆ ಹೋಗಿ ಶೆಡ್ ಹಾಕಿದರೆ ಅದು ಒತ್ತುವರಿ. ಅದೇ ಪೈಸಾರಿಯಲ್ಲಿ ಕಾಫಿ ಹಾಕಿದವರ ವಿಷಯದಲ್ಲಿ ಸರ್ಕಾರಕ್ಕೆ ಇಷ್ಟು ಬಿಗಿ ಇಲ್ಲ. ಈಚಿನ ತಿದ್ದುಪಡಿಯಂತೆ, 2005ಕ್ಕೂ ಮೊದಲಿನಿಂದ ಸರ್ಕಾರಿ ಭೂಮಿಯಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಬೆಳೆಯುತ್ತಿರುವವರಿಗೆ ಗರಿಷ್ಠ 25 ಎಕರೆಯವರೆಗೆ 30 ವರ್ಷದ ಗುತ್ತಿಗೆ ಕೊಡಬಹುದು. ಬೆಳೆಗಾರರ ಸಂಘಟನೆಗಳು ಬಹುಕಾಲ ಕೇಳಿದ್ದನ್ನು ಸರ್ಕಾರ ಕೊಟ್ಟಿದೆ. ಒಂದು ಪೀಳಿಗೆ ದುಡಿದು ತೋಟ ಮಾಡಿದ ನೆಲವನ್ನು ಏಕಾಏಕಿ ಕಿತ್ತುಕೊಳ್ಳುವುದೂ ಸರಿಯಲ್ಲವೆನ್ನಿ. ಆದರೂ ಒಂದು ಲೆಕ್ಕ ಮಾಡದೆ ಇರಲಾಗದು.

ದಿಡ್ಡಳ್ಳಿಯ 577 ಕುಟುಂಬಗಳಿಗೆ ತಲಾ ಮೂವತ್ತು ನಲವತ್ತರ ನಿವೇಶನ ಕೊಡಲು ಬೇಕಾದದ್ದು ಹದಿನಾರು ಎಕರೆಗಿಂತ ಕಡಿಮೆ. ಇಪ್ಪತ್ತೈದರಲ್ಲಿ ಉಳಿದ ಒಂಬತ್ತು ಎಕರೆಯಲ್ಲಿ ರಸ್ತೆ, ಚರಂಡಿ, ಅಂಗನವಾಡಿ, ಸ್ಮಶಾನ ಎಲ್ಲವೂ ಹಿಡಿಯುತ್ತವೆ. ಒಬ್ಬ ಬೆಳೆಗಾರನಿಗೆ ಗುತ್ತಿಗೆ ಸಿಗಬಹುದಾದ ಗರಿಷ್ಠ ಭೂಮಿಯಲ್ಲಿ ರಾಜ್ಯವನ್ನೇ ಅಲುಗಿಸಿದ ಇಡೀ ದಿಡ್ಡಳ್ಳಿ ನೆಲೆಯಾಗುತ್ತಿತ್ತು. ಗುತ್ತಿಗೆ ಪತ್ರಕ್ಕೆ ಸಹಿ ಹಾಕುವಾಗ ತಹಶೀಲ್ದಾರರು ಒಂದು ಷರತ್ತು ಸೇರಿಸಬಹುದು: ತೋಟಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ರಸ್ತೆಗೆ ತಾಗಿ, ಎಕರೆಗೆ ಎರಡು ಸೆಂಟಿನಂತೆ ಕೆಲಸಗಾರರ ನಿವೇಶನಕ್ಕೆ ಪಂಚಾಯಿತಿಗೆ ಬಿಟ್ಟುಕೊಡಬೇಕು ಎಂದು. ಇಪ್ಪತ್ತೈದು ಎಕರೆಗೆ ಐವತ್ತು ಸೆಂಟ್. ಅಂದರೆ ಹದಿನೈದರ ಆಸುಪಾಸು ಮನೆ. ಕಟ್ಟಡದ ಸಹಾಯಧನ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಲ್ಲಿ ಆಗಲೇ ಇದೆ, ತಂಗುದಾಣದ ಬಜೆಟ್ಟಿಗೆ ಕೈ ಹಾಕಬೇಕಿಲ್ಲ.